ದೇಶದೊಳಗೆ ದೇಶ, ಅದರೊಳಗೆ ಮತ್ತೆ ದೇಶ: ಕೂಚ್ ಬಿಹಾರದ ಛಿಟ್‌ಮಹಲ್ ಪ್ರಕರಣ

ದಹಲಾ ಖಾಗ್ರಾಬಾಡಿ ಒಂದು ಸೆಣಬಿನ ಹೊಲ. ವಿಸ್ತೀರ್ಣ ಸುಮಾರು 7,000 ಚದರ ಮೀಟರ್, ಅಂದರೆ ಎರಡು ಎಕರೆಗೂ ಕಡಿಮೆ. 2015ರ ಜುಲೈ 31ರವರೆಗೆ ಆ ಹೊಲ ಭಾರತದ್ದಾಗಿತ್ತು. ಅದರ ಸುತ್ತ ಇದ್ದದ್ದು ಬಾಂಗ್ಲಾದೇಶದ ಹಳ್ಳಿ, ಉಪನ್‌ಚೌಕಿ ಭಜನಿ. ಆ ಹಳ್ಳಿಯ ಸುತ್ತ ಮತ್ತೆ ಭಾರತದ ನೆಲ, ಬಾಲಾಪಾಡಾ ಖಾಗ್ರಾಬಾಡಿ. ಅದರ ಸುತ್ತ ಬಾಂಗ್ಲಾದೇಶ. ಈ ಹೊಲದಿಂದ ಹೊರಟವರು ಭಾರತದ ಮುಖ್ಯ ಭೂಭಾಗ ತಲುಪಲು ನಾಲ್ಕು ಸಲ ಅಂತರರಾಷ್ಟ್ರೀಯ ಗಡಿ ದಾಟಬೇಕಿತ್ತು. ಪರದೇಶ ಸುತ್ತುವರಿದ ಇಂಥ ತುಂಡಿಗೆ ಎನ್‌ಕ್ಲೇವ್ ಅನ್ನುತ್ತಾರೆ. ಇಡೀ ಜಗತ್ತಿನಲ್ಲಿ ಮೂರನೇ ಹಂತದ ಎನ್‌ಕ್ಲೇವ್ ಅಂತ ಇದ್ದದ್ದು ಇದೊಂದೇ.

ರಾಜಕೀಯ ಭೂಗೋಳ ಓದುವ ವಿದ್ಯಾರ್ಥಿಗಳು ಪ್ರಭುತ್ವ, ರಾಷ್ಟ್ರ, ಭೂಪ್ರದೇಶ, ಸಾರ್ವಭೌಮತ್ವ, ಗಡಿ ಎಂಬ ಐದಾರು ಪದಗಳನ್ನು ಮೊದಲ ತಿಂಗಳಲ್ಲೇ ಬಾಯಿಪಾಠ ಮಾಡುತ್ತಾರೆ. ವ್ಯಾಖ್ಯೆ ಬರೆದರೆ ಅಂಕ ಸಿಗುತ್ತದೆ. ಆದರೆ ಈ ಪದಗಳು ನಿಜವಾದ ಮನುಷ್ಯರ ಮೇಲೆ ಏನು ಮಾಡುತ್ತವೆ ಅಂತ ಗೊತ್ತಾಗಬೇಕಾದರೆ ಒಂದು ಜಾಗವನ್ನು ಹಿಡಿದು ಕೂರಬೇಕು. ಭಾರತ ಮತ್ತು ಬಾಂಗ್ಲಾದೇಶದ ನಡುವಿನ ಛಿಟ್‌ಮಹಲ್‌ಗಳಿಗಿಂತ, ಅಂದರೆ ಒಂದು ದೇಶದ ಒಳಗೆ ಸಿಕ್ಕಿಕೊಂಡ ಇನ್ನೊಂದು ದೇಶದ ಇಂಥ ತುಂಡುಗಳಿಗಿಂತ, ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಬಾಂಗ್ಲಾದೇಶದ ಒಳಗೆ ಭಾರತದ 111 ತುಂಡುಗಳಿದ್ದವು, ಒಟ್ಟು 17,160 ಎಕರೆ. ಭಾರತದ ಒಳಗೆ ಬಾಂಗ್ಲಾದೇಶದ 51 ತುಂಡುಗಳಿದ್ದವು, ಒಟ್ಟು 7,110 ಎಕರೆ. ಇವು 2015ರಲ್ಲಿ ಅದಲುಬದಲಾದ ತುಂಡುಗಳ ಲೆಕ್ಕ. ಅಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಜನ ಬದುಕುತ್ತಿದ್ದರು.

ತುಂಡುಗಳು ಬಂದದ್ದು ಎಲ್ಲಿಂದ

ಒಂದು ಜನಪ್ರಿಯ ಕಥೆ ಇದೆ. ಬಂಗಾಳದ ಉತ್ತರದ ಕೂಚ್ ಬಿಹಾರ ಸಂಸ್ಥಾನದ ಮಹಾರಾಜನೂ ಪಕ್ಕದ ರಂಗಪುರದ ಫೌಜುದಾರನೂ (ಮೊಘಲ್ ಅಧಿಕಾರಿ) ಚದುರಂಗ ಆಡುತ್ತಾ ಹಳ್ಳಿಗಳನ್ನು ಪಣಕ್ಕಿಟ್ಟರಂತೆ. ಸೋತವರು ಗೆದ್ದವರಿಗೆ ಹಳ್ಳಿ ಬಿಟ್ಟುಕೊಟ್ಟರಂತೆ. ಪತ್ರಿಕೆಗಳು ಈ ಕಥೆಯನ್ನು ಎಷ್ಟು ಸಲ ಬರೆದಿವೆಯೋ ಲೆಕ್ಕವಿಲ್ಲ. ಕೇಳಲು ಚೆನ್ನಾಗಿದೆ, ಆದರೆ ಇದಕ್ಕೆ ಆಧಾರವಿಲ್ಲ. ಪರೀಕ್ಷೆಯಲ್ಲಿ ಇದನ್ನು ಕಾರಣ ಅಂತ ಬರೆಯಬೇಡಿ.

ನಿಜವಾದ ಕಾರಣ 18ನೇ ಶತಮಾನದ ಆರಂಭದ ಯುದ್ಧ. ಮೊಘಲರು ಕೂಚ್ ಬಿಹಾರ ರಾಜ್ಯದ ದಕ್ಷಿಣದ ಮೂರು ಚಕ್ಲಾಗಳನ್ನು, ಅಂದರೆ ಕಂದಾಯ ವಿಭಾಗಗಳನ್ನು, ಹಿಡಿದರು: ಬೋದಾ, ಪಾಟ್‌ಗ್ರಾಮ್, ಪೂರ್ವಭಾಗ್. 1713ರ ಹೊತ್ತಿಗೆ ಒಪ್ಪಂದವಾಯಿತು. ಆದರೆ ಹಿಡಿದ ಚಕ್ಲಾಗಳ ಒಳಗೂ ಕೆಲವು ಕಡೆ ಕೂಚ್ ನಾಯಕರು ಗಟ್ಟಿಯಾಗಿ ಕೂತಿದ್ದರು. ಅವರನ್ನು ಎಬ್ಬಿಸಲು ಮೊಘಲರಿಂದ ಆಗಲಿಲ್ಲ. ಆ ಜಾಗಗಳು ಕೂಚ್ ಬಿಹಾರಕ್ಕೇ ಕಂದಾಯ ಕಟ್ಟುತ್ತಾ ಉಳಿದವು. ಅದೇ ರೀತಿ ಕೂಚ್ ಬಿಹಾರದ ಒಳಗೆ ಮೊಘಲ್ ಕಡೆಯವರು ಹಿಡಿದಿಟ್ಟುಕೊಂಡ ಜಾಗಗಳು ಮೊಘಲರಿಗೆ ನಿಷ್ಠವಾಗಿ ಉಳಿದವು.

ಆ ಕಾಲದಲ್ಲಿ ಇದು ಯಾರಿಗೂ ವಿಚಿತ್ರ ಅನ್ನಿಸಿರಲಿಕ್ಕಿಲ್ಲ. ಆಗ ಗಡಿ ಅಂದರೆ ಕಂದಾಯ ಯಾರಿಗೆ ಹೋಗುತ್ತದೆ, ಯಾರ ಮಾತು ನಡೆಯುತ್ತದೆ ಎಂಬ ಲೆಕ್ಕ. ಹಳ್ಳಿ ಒಬ್ಬನಿಗೆ, ಪಕ್ಕದ ಹಳ್ಳಿ ಇನ್ನೊಬ್ಬನಿಗೆ. ಎರಡೂ ಹಳ್ಳಿಯ ಜನ ಒಂದೇ ಸಂತೆಗೆ ಹೋಗುತ್ತಾರೆ, ಒಂದೇ ಭಾಷೆ ಮಾತಾಡುತ್ತಾರೆ, ಹೆಣ್ಣು ಕೊಟ್ಟು ತರುತ್ತಾರೆ. ಬಂಗಾಳದ ದಿವಾನಿ, ಅಂದರೆ ಕಂದಾಯ ವಸೂಲಿಯ ಹಕ್ಕು, 1765ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಬಂತು. 1773ರಲ್ಲಿ ಕೂಚ್ ಬಿಹಾರವೂ ಕಂಪನಿಯ ರಕ್ಷಣೆಗೆ ಬಂತು. ಅಲ್ಲಿಗೆ ಎರಡೂ ಕಡೆಯ ತುಂಡುಗಳ ಮೇಲೆ ಒಂದೇ ದೊಡ್ಡ ಅಧಿಕಾರ. ತುಂಡುಗಳು ಹಾಗೇ ಉಳಿದವು, ತೊಂದರೆ ಇರಲಿಲ್ಲ.

ಇದನ್ನು ನಂಬಲು ಕಷ್ಟವಾದರೆ ನಮ್ಮ ಉತ್ತರ ಕರ್ನಾಟಕದ ಹಳೆಯ ನಕ್ಷೆ ನೋಡಿ. ಸಂಡೂರು ಸಂಸ್ಥಾನದ ಸುತ್ತಲೂ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ. ಧಾರವಾಡ ಜಿಲ್ಲೆಯ ಮಧ್ಯೆ ಸವಣೂರಿನ ನವಾಬರ ಸಂಸ್ಥಾನ. ಹುಬ್ಬಳ್ಳಿ ಪಕ್ಕದ ಕುಂದಗೋಳ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು, ಜಮಖಂಡಿ ಇರುವುದು ನೂರು ಕಿಲೋಮೀಟರ್‌ಗೂ ಆಚೆ. ಲಕ್ಷ್ಮೇಶ್ವರ ಮೀರಜ್‌ನದ್ದು, ಶಿರಹಟ್ಟಿ ಸಾಂಗ್ಲಿಯದ್ದು. ತಾಯಿ ಭೂಭಾಗದಿಂದ ಕಳಚಿಕೊಂಡ ತುಂಡಿಗೆ ಎಕ್ಸ್‌ಕ್ಲೇವ್ ಅನ್ನುತ್ತಾರೆ. ಬೇರೊಂದು ಪ್ರಭುತ್ವ ಸುತ್ತಲೂ ಆವರಿಸಿಕೊಂಡ ಜಾಗಕ್ಕೆ ಎನ್‌ಕ್ಲೇವ್ ಅನ್ನುತ್ತಾರೆ. ಕುಂದಗೋಳ ಜಮಖಂಡಿಯ ಕಡೆಯಿಂದ ನೋಡಿದರೆ ಎಕ್ಸ್‌ಕ್ಲೇವ್. ಸಂಡೂರು ಎನ್‌ಕ್ಲೇವ್, ಆದರೆ ಎಕ್ಸ್‌ಕ್ಲೇವ್ ಅಲ್ಲ, ಯಾಕೆಂದರೆ ಅದು ಯಾರಿಂದಲೂ ಕಳಚಿಕೊಂಡದ್ದಲ್ಲ. ಇವತ್ತಿನ ಲೆಸೊಥೊ ಹಾಗೆ, ಸುತ್ತ ದಕ್ಷಿಣ ಆಫ್ರಿಕಾ. ಈ ವ್ಯತ್ಯಾಸವನ್ನು ಬಹಳ ವಿದ್ಯಾರ್ಥಿಗಳು ಕಲಸಿಬಿಡುತ್ತಾರೆ.

1948, 49ರಲ್ಲಿ ಈ ಸಂಸ್ಥಾನಗಳೆಲ್ಲ ವಿಲೀನವಾದವು. ತುಂಡೂ ಭಾರತ, ಸುತ್ತಲಿನ ನೆಲವೂ ಭಾರತ. ಗೆರೆ ಅಳಿಸಿಹೋಯಿತು. ಈಗ ಕುಂದಗೋಳಕ್ಕೆ ಹೋಗುವವರಿಗೆ ಅಲ್ಲೊಂದು ಗಡಿ ಇತ್ತು ಅಂತ ಹೇಳಿದರೆ ಸುಮ್ನೆ ನಕ್ಕುಬಿಡಬಹುದು. ಕೂಚ್ ಬಿಹಾರಕ್ಕೆ ಆ ಅದೃಷ್ಟ ಇರಲಿಲ್ಲ. ಅಲ್ಲಿ ತುಂಡು ಒಂದು ದೇಶಕ್ಕೆ ಹೋಯಿತು, ಸುತ್ತಲಿನ ನೆಲ ಇನ್ನೊಂದಕ್ಕೆ. ಈ ಪ್ರಕರಣದಲ್ಲಿ ಹಿಡಿದುಕೊಳ್ಳಬೇಕಾದ ಎಳೆ ಇದೇ. ಗೆರೆಯ ಆಕಾರ ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಹೆಚ್ಚುಕಡಿಮೆ ಹಾಗೇ ಇತ್ತು. ಬದಲಾದದ್ದು ಆ ಗೆರೆ ಮಾಡುವ ಕೆಲಸ.

ರ‍್ಯಾಡ್‌ಕ್ಲಿಫ್ ಎಳೆಯದ ಗೆರೆ

ಛಿಟ್‌ಮಹಲ್‌ಗಳನ್ನು ಸಿರಿಲ್ ರ‍್ಯಾಡ್‌ಕ್ಲಿಫ್ ಸೃಷ್ಟಿಸಿದ ಅಂತ ಅನೇಕರು ಬರೆಯುತ್ತಾರೆ. ಅವನ ಮೇಲೆ ಹೊರಿಸಲು ಬೇರೆ ಬೇಕಾದಷ್ಟು ಇದೆ. 1947ರ ಜುಲೈನಲ್ಲಿ ಮೊದಲ ಸಲ ಭಾರತಕ್ಕೆ ಬಂದು, ಐದೇ ವಾರದಲ್ಲಿ ಪಂಜಾಬ್ ಮತ್ತು ಬಂಗಾಳವನ್ನು ಹರಿದವನು ಅವನು. ಆದರೆ ಈ ತುಂಡುಗಳನ್ನು ಅವನು ಮಾಡಿದ್ದಲ್ಲ. ಅವನ ಆಯೋಗಕ್ಕೆ ಇದ್ದ ಕೆಲಸ ಬ್ರಿಟಿಷ್ ಆಳ್ವಿಕೆಯ ಬಂಗಾಳವನ್ನು ಭಾಗ ಮಾಡುವುದು. ಕೂಚ್ ಬಿಹಾರ ಸಂಸ್ಥಾನ ಅದರ ವ್ಯಾಪ್ತಿಯಲ್ಲೇ ಇರಲಿಲ್ಲ. ರಂಗಪುರ ಜಿಲ್ಲೆ ಪಾಕಿಸ್ತಾನಕ್ಕೆ ಹೋಯಿತು. ಜಲ್ಪಾಯ್‌ಗುಡಿ ಜಿಲ್ಲೆಯ ಬೋದಾ, ಪಾಟ್‌ಗ್ರಾಮ್ ಸೇರಿದಂತೆ ಐದು ಠಾಣೆಗಳೂ ಹೋದವು. ಕೂಚ್ ಬಿಹಾರ ಎರಡು ವರ್ಷ ಹಾಗೇ ಇತ್ತು. 1949ರ ಆಗಸ್ಟ್ 28ರಂದು ಮಹಾರಾಜ ಜಗದ್ದೀಪೇಂದ್ರ ನಾರಾಯಣ ವಿಲೀನ ಒಪ್ಪಂದ ಮಾಡಿಕೊಂಡರು. ಸೆಪ್ಟೆಂಬರ್ 12ಕ್ಕೆ ಆಡಳಿತ ಭಾರತಕ್ಕೆ ಬಂತು. 1950ರ ಜನವರಿ 1ರಂದು ಅದು ಪಶ್ಚಿಮ ಬಂಗಾಳದ ಒಂದು ಜಿಲ್ಲೆಯಾಯಿತು.

ಆ ವಿಲೀನದಿಂದ ಸಂಸ್ಥಾನದ ಹಳೆಯ ಕಂದಾಯ ಗೆರೆ, ಅದರ ಎಲ್ಲ ತುಂಡುಗಳ ಸಮೇತ, ಅಂತರರಾಷ್ಟ್ರೀಯ ಗಡಿಯಾಗಿಬಿಟ್ಟಿತು. ಯಾರೂ ಕೂತು ಎಳೆದದ್ದಲ್ಲ. ಮೊದಲೇ ಇದ್ದ ಗೆರೆ ಮೇಲ್ದರ್ಜೆಗೆ ಏರಿತು.

ಅಮೆರಿಕದ ಭೂಗೋಳಶಾಸ್ತ್ರಜ್ಞ ರಿಚರ್ಡ್ ಹಾರ್ಟ್‌ಶೋರ್ನ್ 1930ರ ದಶಕದಲ್ಲಿ ಗಡಿಗಳನ್ನು ಜನವಸತಿಗೆ ಹೋಲಿಸಿ ವಿಂಗಡಿಸಿದರು. ಜನ ನೆಲೆಸುವ ಮೊದಲೇ ಬಂದ ಗಡಿ ಒಂದು ಬಗೆ. ನೆಲೆಸಿದ ನಂತರ ಅವರ ಭಾಷೆ, ಧರ್ಮ ನೋಡಿ ಬಂದದ್ದು ಇನ್ನೊಂದು. ಜನರ ಬದುಕನ್ನು ಲೆಕ್ಕಿಸದೆ ಮೇಲಿನಿಂದ ಹೇರಿದ್ದು ಮತ್ತೊಂದು. ಕೆಲಸ ಮುಗಿದು ಗುರುತು ಮಾತ್ರ ಉಳಿದದ್ದು ಅವಶೇಷ ಗಡಿ. ತರಗತಿಯಲ್ಲಿ ಕೂಚ್ ಬಿಹಾರದ ಗಡಿ ಯಾವ ಬಗೆ ಅಂತ ಕೇಳಿದರೆ ಎಲ್ಲರೂ ಹೇರಿದ್ದು ಅಂತಾರೆ. ಬದುಕಿದವರ ಅನುಭವ ಹಾಗೇ ಇತ್ತು, ನಿಜ. ಆದರೆ ಹುಟ್ಟಿನಲ್ಲಿ ಅದು ಸ್ಥಳೀಯ ಗೆರೆ, ಹೊರಗಿನವರು ತಂದದ್ದಲ್ಲ. ವರ್ಗೀಕರಣ ಯೋಚನೆಗೆ ಸಹಾಯ ಮಾಡುವ ಸಾಧನ. ಉತ್ತರ ಅದರೊಳಗೆ ಸಿದ್ಧವಾಗಿ ಕೂತಿರುವುದಿಲ್ಲ.

ನಕ್ಷೆಯಲ್ಲಿ ಸರ್ಕಾರ ಇತ್ತು, ಊರಲ್ಲಿ ಇರಲಿಲ್ಲ

1933ರ ಮಾಂಟೆವಿಡಿಯೊ ಒಪ್ಪಂದ ಒಂದು ಪ್ರಭುತ್ವಕ್ಕೆ ನಾಲ್ಕು ಲಕ್ಷಣ ಹೇಳುತ್ತದೆ. ಖಾಯಂ ಜನ, ಗುರುತಾದ ಭೂಪ್ರದೇಶ, ಸರ್ಕಾರ, ಮತ್ತು ಬೇರೆ ಪ್ರಭುತ್ವಗಳ ಜೊತೆ ವ್ಯವಹರಿಸುವ ಶಕ್ತಿ. ಭಾರತಕ್ಕೆ ನಾಲ್ಕೂ ಇದ್ದವು, ಬಾಂಗ್ಲಾದೇಶಕ್ಕೂ ಇದ್ದವು. ಆದರೆ ಬಾಂಗ್ಲಾದೇಶದ ಕುಡಿಗ್ರಾಮ್ ಜಿಲ್ಲೆಯ ಒಳಗಿದ್ದ ಭಾರತದ ದಾಸಿಯಾರ್‌ಛಡಾದಲ್ಲಿ ನಿಂತು ನೋಡಿದರೆ ಕಥೆ ಬೇರೆ. ಜನ ಇದ್ದರು. ನೆಲ ಇತ್ತು. ಸರ್ಕಾರ ಇರಲಿಲ್ಲ.

1950ರಲ್ಲಿ ಎರಡೂ ಕಡೆಯ ಜಿಲ್ಲಾ ಅಧಿಕಾರಿಗಳು ಮುಂಚೆ ತಿಳಿಸಿ ಹೋಗಿಬರಬಹುದು ಅಂತ ಒಂದು ವ್ಯವಸ್ಥೆಯಾಯಿತು. ಅದು ಹೆಸರಿಗಷ್ಟೇ ಉಳಿಯಿತು. 1952ರಲ್ಲಿ ಭಾರತ ಮತ್ತು ಪಾಕಿಸ್ತಾನದ ನಡುವೆ ಪಾಸ್‌ಪೋರ್ಟ್, ವೀಸಾ ಬಂದವು. ಇದು ಛಿಟ್‌ಮಹಲ್ ಜನರನ್ನು ಒಂದು ವಿಚಿತ್ರ ಸುಳಿಗೆ ಸಿಕ್ಕಿಸಿತು. ಸ್ವಂತ ದೇಶಕ್ಕೆ ಹೋಗಲು ಮಧ್ಯದ ಪರದೇಶ ದಾಟಬೇಕು. ಅದಕ್ಕೆ ಪಾಸ್‌ಪೋರ್ಟ್ ಮತ್ತು ವೀಸಾ ಬೇಕು. ಪಾಸ್‌ಪೋರ್ಟ್ ಕೊಡುವ ಕಚೇರಿ ಇರುವುದು ಸ್ವಂತ ದೇಶದಲ್ಲಿ. ಅಲ್ಲಿಗೆ ಹೋಗಲು ಗಡಿ ದಾಟಬೇಕು. ಕಾನೂನು ಪಾಲಿಸಬೇಕು ಅಂದುಕೊಂಡವನು ಮನೆಯಿಂದ ಹೊರಗೆ ಕಾಲಿಡುವಂತೆಯೇ ಇರಲಿಲ್ಲ. ಸಂತೆಗೆ ಹೋದರೂ ಅವನು ಅಕ್ರಮ ವಲಸಿಗ.

ಜನ ಬದುಕುವ ದಾರಿ ಹುಡುಕಿಕೊಂಡರು. ಸುತ್ತಲಿನ ದೇಶದ ಹಣದಲ್ಲೇ ವ್ಯವಹಾರ ಮಾಡಿದರು. ಮಕ್ಕಳನ್ನು ಶಾಲೆಗೆ ಸೇರಿಸುವಾಗ ಪಕ್ಕದ ಊರಿನ ಪರಿಚಯದವರ ಹೆಸರನ್ನು ತಂದೆಯ ಹೆಸರಾಗಿ ಬರೆಸಿದರು. ಹೆರಿಗೆಗೆ ಆಸ್ಪತ್ರೆಗೆ ಹೋದ ಹೆಂಗಸರು ಗಂಡನ ಜಾಗದಲ್ಲಿ ಇನ್ನೊಬ್ಬರ ಹೆಸರು ಹೇಳಿದರು. ಇದಕ್ಕೆ ದುಡ್ಡು ಕೊಡಬೇಕಾದದ್ದೂ ಉಂಟು. ಜಮೀನು ಮಾರಿದರೆ ನೋಂದಣಿ ಮಾಡುವ ಕಚೇರಿ ಇಲ್ಲ, ಕಾಗದದ ಮೇಲೆ ಬರೆದು ಊರಿನವರ ಸಾಕ್ಷಿ ಹಾಕಿಸಿಕೊಂಡರು. ಆ ಕಾಗದಕ್ಕೆ ಯಾವ ದೇಶದ ಕೋರ್ಟಿನಲ್ಲೂ ಬೆಲೆ ಇರಲಿಲ್ಲ. ಪಕ್ಕದ ಹಳ್ಳಿಗೆ ವಿದ್ಯುತ್ ಬಂದರೂ ಇಲ್ಲಿಗೆ ತಂತಿ ಇಳಿಯಲಿಲ್ಲ. ರಸ್ತೆಯ ಡಾಂಬರು ಗಡಿಗೆ ಬಂದು ನಿಂತಿತು.

ಕಳ್ಳತನ, ಹೊಡೆದಾಟ ಆದರೆ? ಬಾಂಗ್ಲಾದೇಶದ ಪೊಲೀಸರಿಗೆ ಆ ನೆಲದಲ್ಲಿ ಅಧಿಕಾರ ಇಲ್ಲ. ಭಾರತದ ಪೊಲೀಸರು ಬರಬೇಕಾದರೆ ಬಾಂಗ್ಲಾದೇಶ ದಾಟಿ ಬರಬೇಕು, ಅವರು ಬರುವುದಿಲ್ಲ. ಹೊರಗೆ ಅಪರಾಧ ಮಾಡಿದವರು ಬಂದು ಅಡಗುವ ತಾಣಗಳಾದವು ಕೆಲವು ಊರುಗಳು. ಜನ ತಾವೇ ಸಮಿತಿ ಮಾಡಿಕೊಂಡು ಪಂಚಾಯಿತಿ ನಡೆಸಿದರು.

ಇಲ್ಲಿ ವಿದ್ಯಾರ್ಥಿ ನಿಂತು ಯೋಚಿಸಬೇಕಾದದ್ದು ಒಂದಿದೆ. ಸಾರ್ವಭೌಮತ್ವ ಅಂದರೆ ಒಂದು ನೆಲದ ಮೇಲಿನ ಅಂತಿಮ ಅಧಿಕಾರ ಅಂತ ಓದುತ್ತೇವೆ. ಅದಕ್ಕೆ ಎರಡು ಮುಖ ಇವೆ. ಒಂದು, ಬೇರೆ ಯಾರೂ ಇಲ್ಲಿ ಕೈ ಹಾಕುವಂತಿಲ್ಲ ಎಂಬ ಹಕ್ಕು. ಇನ್ನೊಂದು, ನಾವು ಇಲ್ಲಿ ಆಡಳಿತ ನಡೆಸುತ್ತೇವೆ ಎಂಬ ಕೆಲಸ. ಛಿಟ್‌ಮಹಲ್‌ಗಳಲ್ಲಿ ಮೊದಲನೆಯದು ಪೂರ್ತಿ ಇತ್ತು, ಎರಡನೆಯದು ಇರಲಿಲ್ಲ. ಪಕ್ಕದ ದೇಶ ಆಸ್ಪತ್ರೆ ಕಟ್ಟಲಾರದು, ಯಾಕೆಂದರೆ ಅದು ಪರನೆಲ. ಸ್ವಂತ ದೇಶ ಕಟ್ಟಲಾರದು, ಯಾಕೆಂದರೆ ತಲುಪಲಾಗದು. ಒಂದು ಹಕ್ಕು ಇನ್ನೊಂದು ಕರ್ತವ್ಯವನ್ನು ತಡೆದು ನಿಲ್ಲಿಸಿತ್ತು. ನಕ್ಷೆ ನೋಡುವವನಿಗೆ ಅಲ್ಲಿ ಎರಡು ಪ್ರಭುತ್ವ ಕಾಣುತ್ತದೆ. ಅಲ್ಲಿ ಹುಟ್ಟಿದ ಮಗುವಿಗೆ ಒಂದೂ ಸಿಗಲಿಲ್ಲ. ನನಗೆ ಈ ಇಡೀ ಪ್ರಕರಣದಲ್ಲಿ ಅತ್ಯಂತ ನೋವಿನ ಭಾಗ ಇದು.

ಭಾರತ 1980ರ ದಶಕದಿಂದ ಬೇಲಿ ಹಾಕಲು ಶುರು ಮಾಡಿದ ಮೇಲೆ ಪರಿಸ್ಥಿತಿ ಇನ್ನೂ ಬಿಗಿಯಾಯಿತು. ಎರಡೂ ದೇಶಗಳ 1975ರ ಒಪ್ಪಂದದ ಪ್ರಕಾರ ಶೂನ್ಯ ರೇಖೆಯಿಂದ, ಅಂದರೆ ನಿಜವಾದ ಗಡಿ ಗೆರೆಯಿಂದ, 150 ಗಜದ ಒಳಗೆ ರಕ್ಷಣಾ ಕಟ್ಟಡ ಮಾಡುವಂತಿಲ್ಲ. ಹಾಗಾಗಿ ಬೇಲಿ ಭಾರತದ ನೆಲದಲ್ಲೇ ಹಿಂದೆ ಸರಿದು ಬಂತು. ಬಾಂಗ್ಲಾದೇಶದ ಒಳಗಿದ್ದ ಭಾರತದ ತುಂಡುಗಳು ಬೇಲಿಯ ಹೊರಗೆ ಉಳಿದವು. ಭಾರತದ ಒಳಗಿದ್ದ ಬಾಂಗ್ಲಾದೇಶದ ತುಂಡುಗಳು ಬೇಲಿಯ ಒಳಗೆ ಸಿಕ್ಕಿಬಿದ್ದವು.

ತುಂಡು ತುಂಡಾದ ಗಡಿ ಇದ್ದರೆ ಹೀಗೆ ಆಗಲೇಬೇಕಾ? ಇಲ್ಲ. ನೆದರ್ಲೆಂಡ್ಸ್‌ನ ಒಳಗೆ ಬಾರ್ಲೆ ಎಂಬ ಪಟ್ಟಣ ಇದೆ. ಅಲ್ಲಿ ಬೆಲ್ಜಿಯಂನ 22 ಎನ್‌ಕ್ಲೇವ್‌ಗಳು ಇವೆ, ಅವುಗಳ ಒಳಗೆ ಮತ್ತೆ ಡಚ್ ತುಂಡುಗಳು. ಗಡಿ ಅಂಗಡಿಗಳ ನಡುವೆ, ಕೆಲವು ಕಡೆ ಮನೆಗಳ ನಡುವೆಯೇ ಹಾದುಹೋಗುತ್ತದೆ. ಪ್ರವಾಸಿಗರು ಫೋಟೊ ತೆಗೆಸಿಕೊಳ್ಳುತ್ತಾರೆ. ಎರಡೂ ದೇಶಗಳ ನಡುವೆ ಓಡಾಟಕ್ಕೆ ತಡೆ ಇಲ್ಲ, ನೀರು, ಕರೆಂಟು, ಪೊಲೀಸ್ ವಿಷಯದಲ್ಲಿ ಎರಡೂ ಪುರಸಭೆಗಳು ಸೇರಿ ಕೆಲಸ ಮಾಡುತ್ತವೆ. ಕೂಚ್ ಬಿಹಾರದ ನಕ್ಷೆಯಷ್ಟೇ ಗೋಜಲು, ಆದರೆ ಯಾರೂ ಪ್ರಭುತ್ವ ಇಲ್ಲದವರಾಗಲಿಲ್ಲ. ಗಡಿಯ ಆಕಾರಕ್ಕಿಂತ ಅದು ಎಷ್ಟು ತೆರೆದಿದೆ ಎಂಬುದು ಮುಖ್ಯ ಅನ್ನಲು ಇದಕ್ಕಿಂತ ಒಳ್ಳೆಯ ಜೋಡಿ ಉದಾಹರಣೆ ಸಿಗಲಾರದು.

ಬೇರೂಬಾಡಿ: ನೆಲ ಬಿಟ್ಟುಕೊಡುವ ಅಧಿಕಾರ ಯಾರದು

ಸಮಸ್ಯೆ ಸರ್ಕಾರಗಳಿಗೆ ಗೊತ್ತಿತ್ತು. 1958ರಲ್ಲಿ ಜವಾಹರಲಾಲ್ ನೆಹರೂ ಮತ್ತು ಪಾಕಿಸ್ತಾನದ ಪ್ರಧಾನಿ ಫಿರೋಜ್ ಖಾನ್ ನೂನ್ ಎನ್‌ಕ್ಲೇವ್‌ಗಳನ್ನು ಅದಲುಬದಲು ಮಾಡಿಕೊಳ್ಳಲು ಒಪ್ಪಿದರು. ಅದೇ ಒಪ್ಪಂದದಲ್ಲಿ ಜಲ್ಪಾಯ್‌ಗುಡಿಯ ಬೇರೂಬಾಡಿ ಯೂನಿಯನ್ ಸಂಖ್ಯೆ 12 ಎಂಬ ಪ್ರದೇಶವನ್ನು ಅರ್ಧರ್ಧ ಮಾಡುವುದು ಅಂತಲೂ ಇತ್ತು.

ಬೇರೂಬಾಡಿ ಎನ್‌ಕ್ಲೇವ್ ಅಲ್ಲ. ಅದರ ತಕರಾರು ಬೇರೆ ಥರದ್ದು. ರ‍್ಯಾಡ್‌ಕ್ಲಿಫ್ ತೀರ್ಪಿನ ಬರಹ ಒಂದು ಹೇಳುತ್ತಿತ್ತು, ಜೊತೆಗಿದ್ದ ನಕ್ಷೆ ಇನ್ನೊಂದು ತೋರಿಸುತ್ತಿತ್ತು. ಗಡಿ ಹುಟ್ಟುವುದು ಹಂತ ಹಂತವಾಗಿ ಅಂತ ಓದಿರುತ್ತೀರಿ. ಮೊದಲು ಒಪ್ಪಂದದಲ್ಲಿ ಮಾತಿನಲ್ಲಿ ಹೇಳುವುದು, ಆಮೇಲೆ ನಕ್ಷೆಯಲ್ಲಿ ಗೆರೆ ಎಳೆಯುವುದು, ಆಮೇಲೆ ನೆಲದ ಮೇಲೆ ಕಲ್ಲು ನೆಡುವುದು, ಕೊನೆಗೆ ಅದನ್ನು ಕಾಯುವುದು, ನಿರ್ವಹಿಸುವುದು. ಒಂದು ಹಂತಕ್ಕೂ ಮುಂದಿನ ಹಂತಕ್ಕೂ ಹೊಂದಿಕೆಯಾಗದಿದ್ದರೆ ಏನಾಗುತ್ತದೆ ಅಂತ ಬೇರೂಬಾಡಿ ತೋರಿಸಿತು.

ಪಶ್ಚಿಮ ಬಂಗಾಳದಲ್ಲಿ ದೊಡ್ಡ ವಿರೋಧ ಬಂತು. ಆಗ ರಾಷ್ಟ್ರಪತಿಗಳು ಸುಪ್ರೀಂ ಕೋರ್ಟಿನ ಅಭಿಪ್ರಾಯ ಕೇಳಿದರು. 1960ರ ಮಾರ್ಚ್ 14ರಂದು ಕೋರ್ಟ್ ಕೊಟ್ಟ ಅಭಿಪ್ರಾಯ ರಾಜಕೀಯ ಭೂಗೋಳದ ಪ್ರತಿ ವಿದ್ಯಾರ್ಥಿಗೂ ಗೊತ್ತಿರಬೇಕು. ಸಂವಿಧಾನದ 3ನೇ ವಿಧಿ ಪ್ರಕಾರ ಸಂಸತ್ತು ಸಾಮಾನ್ಯ ಕಾನೂನಿನಿಂದ ದೇಶದೊಳಗಿನ ರಾಜ್ಯಗಳ ಗಡಿ ಬದಲಿಸಬಹುದು. ಆದರೆ ಭಾರತದ ನೆಲವನ್ನು ಇನ್ನೊಂದು ದೇಶಕ್ಕೆ ಬಿಟ್ಟುಕೊಡಲು ಆ ದಾರಿ ಸಾಲದು. ಅದಕ್ಕೆ 368ನೇ ವಿಧಿಯಡಿ ಸಂವಿಧಾನ ತಿದ್ದುಪಡಿಯೇ ಬೇಕು.

ನಮಗೆ ಇದನ್ನು ಅರ್ಥ ಮಾಡಿಕೊಳ್ಳಲು ಬೆಳಗಾವಿ ನೆನೆದರೆ ಸಾಕು. ಮಹಾಜನ್ ಆಯೋಗ 1967ರಲ್ಲಿ ವರದಿ ಕೊಟ್ಟಿತು, 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು, ಎರಡೂ ಕಡೆ ಭಾವನೆ ಇವತ್ತಿಗೂ ಬಿಸಿಯಾಗಿದೆ. ಅಷ್ಟಾದರೂ ಅದು 3ನೇ ವಿಧಿಯ ಲೋಕದ ಗಡಿ. ಗೆರೆಯ ಯಾವ ಬದಿಯಲ್ಲಿದ್ದರೂ ಜನ ಭಾರತದ ಪ್ರಜೆಗಳೇ. ಮತ ಇದೆ, ಪಡಿತರ ಚೀಟಿ ಇದೆ, ಅತ್ತಿಂದಿತ್ತ ಬಸ್ ಓಡುತ್ತದೆ. ಆಡಳಿತದ ಗಡಿ ಮತ್ತು ಸಾರ್ವಭೌಮ ಗಡಿ ಎರಡಕ್ಕೂ ನಾವು ಗಡಿ ಅಂತಲೇ ಅನ್ನುತ್ತೇವೆ. ಪಣಕ್ಕಿರುವುದು ಮಾತ್ರ ಒಂದೇ ಅಲ್ಲ.

ಕೋರ್ಟಿನ ಮಾತಿನಂತೆ 1960ರಲ್ಲೇ ಸಂವಿಧಾನದ 9ನೇ ತಿದ್ದುಪಡಿ ಆಯಿತು. ಆದರೆ ಬೇರೂಬಾಡಿ ಹಸ್ತಾಂತರ ಆಗಲಿಲ್ಲ. ಮೊಕದ್ದಮೆಗಳು, 1965ರ ಯುದ್ಧ, 1971ರ ಯುದ್ಧ. ಅಷ್ಟರಲ್ಲಿ ಎದುರು ಪಕ್ಷದ ದೇಶವೇ ಬದಲಾಗಿತ್ತು.

1974ರಿಂದ 2015

1974ರ ಮೇ 16ರಂದು ಇಂದಿರಾ ಗಾಂಧಿ ಮತ್ತು ಶೇಖ್ ಮುಜೀಬುರ್ ರೆಹಮಾನ್ ಭೂಗಡಿ ಒಪ್ಪಂದಕ್ಕೆ ಸಹಿ ಹಾಕಿದರು. ಬಾಂಗ್ಲಾದೇಶ ಅದೇ ವರ್ಷ ತನ್ನ ಸಂವಿಧಾನ ತಿದ್ದಿ ಅನುಮೋದಿಸಿತು. ಭಾರತಕ್ಕೆ 41 ವರ್ಷ ಬೇಕಾಯಿತು.

ಯಾಕೆ ಇಷ್ಟು ತಡ? ಲೆಕ್ಕ ನೋಡಿ. ಅದಲುಬದಲಾದರೆ ಭಾರತ 17,160 ಎಕರೆ ಕೊಟ್ಟು 7,110 ಎಕರೆ ಪಡೆಯುತ್ತದೆ. ಹತ್ತು ಸಾವಿರ ಎಕರೆ ನಷ್ಟ. ಪ್ರತಿ ಪಕ್ಷವೂ ಸಂಸತ್ತಿನಲ್ಲಿ ನಿಂತು ನೆಲ ಬಿಟ್ಟುಕೊಡೋಣ ಅಂತ ಹೇಳಲು ಹಿಂಜರಿಯಿತು. 2011ರಲ್ಲಿ ಮನಮೋಹನ್ ಸಿಂಗ್ ಢಾಕಾಗೆ ಹೋಗಿ ಪೂರಕ ಒಪ್ಪಂದಕ್ಕೆ ಒಪ್ಪಿದಾಗಲೂ, 2013ರಲ್ಲಿ ಮಸೂದೆ ರಾಜ್ಯಸಭೆಗೆ ಬಂದಾಗಲೂ ವಿರೋಧ ಇದೇ ಧಾಟಿಯಲ್ಲಿತ್ತು.

ಆ ಹತ್ತು ಸಾವಿರ ಎಕರೆ ನಿಜಕ್ಕೂ ನಮ್ಮ ಕೈಯಲ್ಲಿತ್ತಾ? ಭಾರತದ ಒಬ್ಬ ಗ್ರಾಮ ಲೆಕ್ಕಿಗನೂ ಕಾಲಿಡದ ನೆಲ ಅದು. ಭೂಪ್ರದೇಶಕ್ಕೆ ದೇಶದ ದೇಹ ಎಂಬ ಭಾವ ಅಂಟಿಕೊಂಡಿರುತ್ತದೆ. ಆ ಭಾವನೆಗೆ ಬೆಲೆ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಅದನ್ನು ಕಾಪಾಡಿಕೊಂಡ ಬೆಲೆಯನ್ನು ತೆತ್ತವರು ದಿಲ್ಲಿಯಲ್ಲಿ ಇರಲಿಲ್ಲ, ಛಿಟ್‌ಮಹಲ್‌ಗಳಲ್ಲಿ ಇದ್ದರು.

2015ರ ಮೇ 6ಕ್ಕೆ ರಾಜ್ಯಸಭೆ, 7ಕ್ಕೆ ಲೋಕಸಭೆ ಮಸೂದೆಯನ್ನು ಒಂದು ವಿರೋಧದ ಮತವೂ ಇಲ್ಲದೆ ಒಪ್ಪಿದವು. ಅದು ಸಂವಿಧಾನದ 100ನೇ ತಿದ್ದುಪಡಿ. ಜೂನ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿ ಢಾಕಾಗೆ ಹೋದಾಗ ದಾಖಲೆಗಳ ವಿನಿಮಯ ಆಯಿತು. ಜುಲೈ 31ರ ಮಧ್ಯರಾತ್ರಿ 162 ತುಂಡುಗಳು ದೇಶ ಬದಲಿಸಿದವು. ಜನ ಇದ್ದಲ್ಲೇ ಇದ್ದರು, ಗಡಿ ಅವರನ್ನು ದಾಟಿ ಹೋಯಿತು.

ಯಾವ ದೇಶ ಬೇಕು ಅಂತ ಕೇಳಿದಾಗ

ಒಪ್ಪಂದದ ಅತ್ಯುತ್ತಮ ಅಂಶ ಇದು: ಪ್ರತಿಯೊಬ್ಬರಿಗೂ ಆಯ್ಕೆ ಕೊಟ್ಟರು. ಇದ್ದಲ್ಲೇ ಇದ್ದು ಸುತ್ತಲಿನ ದೇಶದ ಪೌರರಾಗಬಹುದು, ಅಥವಾ ಮೂಲ ದೇಶದ ಪೌರತ್ವ ಇಟ್ಟುಕೊಂಡು ಅಲ್ಲಿಗೆ ಹೋಗಬಹುದು. 2011ರ ಜುಲೈನಲ್ಲಿ ಎರಡೂ ದೇಶ ಸೇರಿ ತಲೆ ಎಣಿಸಿದ್ದವು. ಬಾಂಗ್ಲಾದೇಶದೊಳಗಿನ ಭಾರತದ ತುಂಡುಗಳಲ್ಲಿ ಸುಮಾರು 37,000 ಜನ, ಭಾರತದೊಳಗಿನ ಬಾಂಗ್ಲಾದೇಶದ ತುಂಡುಗಳಲ್ಲಿ ಸುಮಾರು 14,000. 2015ರ ಜುಲೈನಲ್ಲಿ ಮನೆಮನೆಗೆ ಹೋಗಿ ಕೇಳಿದರು.

ಭಾರತದೊಳಗಿನ ಬಾಂಗ್ಲಾದೇಶದ ತುಂಡುಗಳಿಂದ ಒಬ್ಬರೂ ಬಾಂಗ್ಲಾದೇಶಕ್ಕೆ ಹೋಗುತ್ತೇವೆ ಅನ್ನಲಿಲ್ಲ. ಎಲ್ಲರೂ ಭಾರತವನ್ನು ಆರಿಸಿಕೊಂಡರು. ಇನ್ನೊಂದು ಕಡೆ, ಬಾಂಗ್ಲಾದೇಶದೊಳಗಿದ್ದ ಭಾರತದ ತುಂಡುಗಳಲ್ಲಿ ಭಾರತಕ್ಕೆ ಬರುತ್ತೇವೆ ಅಂದವರು ಸಾವಿರಕ್ಕೂ ಕಡಿಮೆ. ಉಳಿದವರೆಲ್ಲ ಬಾಂಗ್ಲಾದೇಶದ ಪೌರರಾದರು. ಬಂದವರಲ್ಲಿ ಹಿಂದೂಗಳು ಜಾಸ್ತಿ, ಮುಸ್ಲಿಮರೂ ಇದ್ದರು.

ರಾಷ್ಟ್ರ ಅಂದರೆ ಒಂದು ಜನ, ಒಂದು ನೆನಪು, ಒಂದು ಸೇರಿಕೆಯ ಭಾವ ಅಂತ ಕಲಿಯುತ್ತೇವೆ. ಪ್ರಭುತ್ವ ಅಂದರೆ ಅಧಿಕಾರದ ವ್ಯವಸ್ಥೆ. ಎರಡೂ ಒಂದರ ಮೇಲೊಂದು ಸರಿಯಾಗಿ ಕೂತರೆ ರಾಷ್ಟ್ರ ಪ್ರಭುತ್ವ. ಈ ಐವತ್ತು ಸಾವಿರ ಜನರ ಉತ್ತರವನ್ನು ಈ ಪಾಠದ ಪಕ್ಕ ಇಟ್ಟು ನೋಡಿ. ಎರಡೂ ಕಡೆ ಬಹುಪಾಲು ಜನ ಆರಿಸಿದ್ದು ಕಾಗದದಲ್ಲಿ ತಮ್ಮದಲ್ಲದ ದೇಶವನ್ನು. ಇದನ್ನು ಒಂದು ದೇಶದ ಮೇಲಿನ ಪ್ರೀತಿ, ಇನ್ನೊಂದರ ಮೇಲಿನ ದ್ವೇಷ ಅಂತ ಓದಿದರೆ ತಪ್ಪಾಗುತ್ತದೆ. ಅವರು ಆರಿಸಿದ್ದು ತಮ್ಮ ಹೊಲ, ತಮ್ಮ ಸಂತೆ, ಮಗಳನ್ನು ಕೊಟ್ಟ ಊರು, ಅಜ್ಜನ ಸಮಾಧಿ ಇರುವ ಜಾಗ. ಪೌರತ್ವ ಅದರ ಹಿಂದೆ ಬಂತು. ಸ್ಥಳದ ಮೇಲಿನ ಈ ನಂಟಿಗೆ ರಾಜಕೀಯ ಭೂಗೋಳದ ಪಠ್ಯದಲ್ಲಿ ಸಿಗುವ ಪುಟಗಳು ಕಡಿಮೆ ಅನ್ನುವುದು ನನ್ನ ಬಹಳ ದಿನದ ತಕರಾರು.

ಭಾರತಕ್ಕೆ ಬಂದವರ ದಾರಿ ಸುಲಭ ಇರಲಿಲ್ಲ. 2015ರ ನವೆಂಬರ್ ಕೊನೆಯೊಳಗೆ ಅವರು ದಾಟಿ ಬಂದರು. ದಿನ್‌ಹಾಟಾ, ಮೇಖ್ಲಿಗಂಜ್, ಹಲ್ದಿಬಾಡಿಯ ತಗಡಿನ ಶಿಬಿರಗಳಲ್ಲಿ ವರ್ಷಗಟ್ಟಲೆ ಇದ್ದರು. ಹಿಂದೆ ಬಿಟ್ಟ ಜಮೀನಿಗೆ ಸರಿಯಾದ ಬೆಲೆ ಸಿಗದೆ ಒದ್ದಾಡಿದವರು ಬಹಳ. ಇದ್ದಲ್ಲೇ ಭಾರತೀಯರಾದವರಿಗೆ 2016ರ ವಿಧಾನಸಭಾ ಚುನಾವಣೆಯಲ್ಲಿ ಮತ ಸಿಕ್ಕಿತು. ಆದರೆ ಜಮೀನಿನ ಪತ್ರ ಸಿಗಲಿಲ್ಲ. ಅವರ ಹೊಲದ ದಾಖಲೆ ಇದ್ದದ್ದು ಬಾಂಗ್ಲಾದೇಶದ ಕಚೇರಿಗಳಲ್ಲಿ, ಇಲ್ಲವೇ ಆ ಬೆಲೆಯಿಲ್ಲದ ಕಾಗದಗಳಲ್ಲಿ. 2018ರ ನವೆಂಬರ್‌ನಲ್ಲಿ ಪಶ್ಚಿಮ ಬಂಗಾಳದ ವಿಧಾನಸಭೆ ಭೂಸುಧಾರಣಾ ಕಾನೂನು ತಿದ್ದಿದ ಮೇಲೆಯೇ ಭೂಮಿಯ ಹಕ್ಕು ಕೊಡಲು ದಾರಿಯಾದದ್ದು. ಗಡಿ ಒಂದು ರಾತ್ರಿಯಲ್ಲಿ ಬದಲಾಯಿತು. ಪಹಣಿ ಬದಲಾಗಲು ಮೂರು ವರ್ಷಕ್ಕೂ ಜಾಸ್ತಿ ಹಿಡಿಯಿತು.

ಉಳಿದ ಒಂದು ತುಂಡು

2015ರಲ್ಲಿ ಎಲ್ಲ ಎನ್‌ಕ್ಲೇವ್‌ಗಳೂ ಹೋದವು ಅಂತ ಬರೆದರೆ ತಪ್ಪು. ಬಾಂಗ್ಲಾದೇಶದ ದಹಗ್ರಾಮ್ ಅಂಗರ್‌ಪೋತಾ ಈಗಲೂ ಇದೆ. ವಿಸ್ತೀರ್ಣ ಸುಮಾರು 18 ಚದರ ಕಿಲೋಮೀಟರ್, ಬಾಂಗ್ಲಾದೇಶದ ತುಂಡುಗಳಲ್ಲೇ ದೊಡ್ಡದು. 1974ರ ಒಪ್ಪಂದದಲ್ಲೇ ಇದನ್ನು ಬೇರೆ ಇಟ್ಟಿದ್ದರು. ದಕ್ಷಿಣ ಬೇರೂಬಾಡಿ ಭಾರತದಲ್ಲೇ ಉಳಿಯುವುದು, ದಹಗ್ರಾಮ್ ಅಂಗರ್‌ಪೋತಾ ಬಾಂಗ್ಲಾದೇಶದಲ್ಲೇ ಉಳಿಯುವುದು, ಅದಕ್ಕೆ ದಾರಿಯಾಗಿ 178 ಮೀಟರ್ ಉದ್ದ, 85 ಮೀಟರ್ ಅಗಲದ ತೀನ್ ಬಿಘಾ ಎಂಬ ಭಾರತದ ನೆಲವನ್ನು ಬಾಂಗ್ಲಾದೇಶಕ್ಕೆ ಶಾಶ್ವತ ಗುತ್ತಿಗೆಗೆ ಕೊಡುವುದು. ಹೀಗಿತ್ತು ಲೆಕ್ಕ.

ಇಷ್ಟು ಚಿಕ್ಕ ಪಟ್ಟಿಗೆ ಇಷ್ಟು ಗಲಾಟೆ ಯಾಕೆ ಅಂತ ದೂರದಿಂದ ಅನ್ನಿಸಬಹುದು. ಅದರ ದಕ್ಷಿಣಕ್ಕೆ ಕುಚ್ಲಿಬಾಡಿ ಇದೆ, ಅದು ಭಾರತದ ಪ್ರದೇಶ. ಈ ಪಟ್ಟಿ ಬಾಂಗ್ಲಾದೇಶಕ್ಕೆ ಹೋದರೆ ತಾವೇ ಎನ್‌ಕ್ಲೇವ್ ಆಗಿಬಿಡುತ್ತೇವೆ ಅಂತ ಅಲ್ಲಿನ ಜನ ಹೆದರಿದರು. ಸುತ್ತಮುತ್ತ ಛಿಟ್‌ಮಹಲ್‌ಗಳ ಪಾಡು ನೋಡಿದವರು ಅವರು, ಹೆದರಿದ್ದರಲ್ಲಿ ಆಶ್ಚರ್ಯ ಇಲ್ಲ. ಬೀದಿ ಹೋರಾಟವೂ ನಡೆಯಿತು, ಕೋರ್ಟಿನ ಹೋರಾಟವೂ ನಡೆಯಿತು. 1990ರಲ್ಲಿ ಸುಪ್ರೀಂ ಕೋರ್ಟ್ ಇದು ನೆಲ ಬಿಟ್ಟುಕೊಡುವುದಲ್ಲ, ಬಳಸಲು ಬಿಡುವುದು ಅಂತ ಹೇಳಿತು. ಸಾರ್ವಭೌಮತ್ವ ಭಾರತದ್ದೇ ಆದ್ದರಿಂದ ಬೇರೂಬಾಡಿಗೆ ಬೇಕಾದಂಥ ಸಂವಿಧಾನ ತಿದ್ದುಪಡಿ ಇಲ್ಲಿ ಬೇಕಾಗಲಿಲ್ಲ.

1992ರ ಜೂನ್ 26ರಂದು ದಾರಿ ತೆರೆಯಿತು. ಮೊದಲು ಹಗಲಿನಲ್ಲಿ, ಅದೂ ಗಂಟೆ ಲೆಕ್ಕದಲ್ಲಿ. ರಾತ್ರಿ ಗೇಟು ಮುಚ್ಚಿದರೆ ದಹಗ್ರಾಮ್‌ನಲ್ಲಿ ಕಾಯಿಲೆ ಬಿದ್ದವರು ಬೆಳಗಿನವರೆಗೆ ಕಾಯಬೇಕಿತ್ತು. 2011ರಿಂದ 24 ಗಂಟೆಯೂ ತೆರೆದಿದೆ. ಈಗ ಆ ಪಟ್ಟಿಯಲ್ಲಿ ಎರಡು ರಸ್ತೆಗಳು ಒಂದನ್ನೊಂದು ಅಡ್ಡ ಹಾಯುತ್ತವೆ. ಒಂದರಲ್ಲಿ ದಹಗ್ರಾಮ್‌ನವರು ಪಾಟ್‌ಗ್ರಾಮ್ ಕಡೆಗೆ ಹೋಗುತ್ತಾರೆ, ಇನ್ನೊಂದರಲ್ಲಿ ಕುಚ್ಲಿಬಾಡಿಯವರು ಮೇಖ್ಲಿಗಂಜ್ ಕಡೆಗೆ. ನೆಲ ಭಾರತದ್ದು, ಕಾವಲು ಭಾರತದ ಗಡಿ ಭದ್ರತಾ ಪಡೆಯದ್ದು, ದಾರಿಯ ಹಕ್ಕು ಬಾಂಗ್ಲಾದೇಶದ್ದು.